ನೀಲಿ ಅಂಚಿನ ತಟ್ಟೆ

ಒಬ್ಬರೇ ಕೂತು ಊಟ ಮಾಡುವವರಿಗೆಂದು ಅಂತರ್ಜಾಲದಲ್ಲಿ ಒಂದು ಗುಂಪಿದೆ. ಅದನ್ನು ಶುರುಮಾಡಿದವಳು ನಾನೇ. ಹೆಮ್ಮೆಗಾಗಿ ಹೇಳುತ್ತಿಲ್ಲ, ಮನೆಯಲ್ಲಿ ಇನ್ನೊಂದು ನರಪಿಳ್ಳೆ ಇದ್ದಿದ್ದರೂ ಇಂಥ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಪದ್ಧತಿ ಸರಳ. ದಿನಾ ರಾತ್ರಿ ಎಂಟು ಗಂಟೆಗೆ ಪ್ರತಿಯೊಬ್ಬರೂ ತಮ್ಮ ಊಟದ ತಟ್ಟೆಯ ಫೋಟೋ ಹಾಕಬೇಕು, ಉಳಿದವರ ತಟ್ಟೆ ನೋಡಿ ಒಂದೆರಡು ಮಾತು ಬರೆಯಬೇಕು, ಆಮೇಲೆ ಎಲ್ಲರೂ ಅವರವರ ಮನೆಯಲ್ಲಿ ಒಟ್ಟಿಗೇ ತಿನ್ನಬೇಕು. ನಿಯಮಗಳು ಮೂರು. ಮುಖ ತೋರಿಸಬಾರದು. ಹೆಸರು ಕೇಳಬಾರದು. ಮೊದಲು ನಿಮ್ಮ ಜೊತೆ ಊಟಕ್ಕೆ ಕೂರುತ್ತಿದ್ದವರು ಯಾರು, ಈಗ ಅವರೆಲ್ಲಿ ಎಂದು ಅಪ್ಪಿತಪ್ಪಿಯೂ ಕೇಳಬಾರದು. ಈ ಮೂರನೆಯದನ್ನು ನಾನು ಬೇರೆಯವರಿಗಾಗಿ ಬರೆದದ್ದಲ್ಲ.

ಹೊಟ್ಟೆಪಾಡಿಗೆ ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತೇನೆ. ಕತ್ತಲೆ ಕೋಣೆಯಲ್ಲಿ ಗುರುತಿಲ್ಲದವರ ಮುಖಕ್ಕೆ ಮುಖ ಕೊಟ್ಟು ಕೂತು, ಗಾಜು ಬದಲಿಸುತ್ತ, "ಈಗ ಸ್ಪಷ್ಟವೋ, ಮೊದಲು ಸ್ಪಷ್ಟವಿತ್ತೋ?" ಎಂದು ದಿನಕ್ಕೆ ಇನ್ನೂರು ಸಲ ಕೇಳುತ್ತೇನೆ. ಅವರ ಉಸಿರು ನನ್ನ ಕೆನ್ನೆಗೆ ತಾಗುತ್ತದೆ. ಆರು ಗಂಟೆಗೆ ಅಂಗಡಿಯ ಬಾಗಿಲು ಎಳೆದ ಮೇಲೆ ಮರುದಿನ ಹತ್ತರವರೆಗೆ ನನ್ನ ಹತ್ತಿರ ಯಾರೂ ಬರುವುದಿಲ್ಲ. ಭಾನುವಾರ ಬಂದರಂತೂ ನನ್ನ ದನಿ ನನಗೇ ಮರೆತುಹೋಗುತ್ತದೆ.

ಗುಂಪಿನಲ್ಲಿ ಎಲ್ಲರಿಗೂ ಅಡ್ಡಹೆಸರು. ನಾನು ಒಂಟಿ ಚಮಚ. ವೈನ್ ಅಂಗಡಿ ಇಟ್ಟುಕೊಂಡಿರುವವನು ಬಿರಡೆ. ಮತ್ತೆ ಬಡಿಸಿಕೊಂಡು ದಿನಾ ಎರಡೆರಡು ಫೋಟೋ ಹಾಕುವವನಿಗೆ ಎರಡನೇ ಸಲ ಎಂದೇ ಹೆಸರು ಬಿದ್ದಿದೆ. ಮತ್ತೊಬ್ಬಳು, ಮೂರು ವರ್ಷದ ಹಿಂದೆ ಸೇರಿದವಳು, ನೀಲಿ ಅಂಚು.

ಅವಳ ಮೊದಲನೇ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಬಿಳಿ ತಟ್ಟೆ, ಸುತ್ತ ಬೆರಳಗಲದ ನೀಲಿ ಅಂಚು, ಆ ಅಂಚಿನಲ್ಲಿ ಒಂದು ಕಡೆ ಉಗುರಿನಷ್ಟು ಮುಕ್ಕು. ಆ ಮುಕ್ಕು ಮಾಡಿದವಳು ನಾನು. ಹತ್ತು ವರ್ಷದವಳಿದ್ದಾಗ ನಲ್ಲಿಗೆ ಬಡಿದಿದ್ದೆ. ಬೈಸಿಕೊಂಡವಳು ಅಕ್ಕ. ಯಾರು ಮಾಡಿದ್ದು ಎಂದು ಅಮ್ಮ ಕೇಳಿದಾಗ ನಾನು ತುಟಿ ಹೊಲಿದುಕೊಂಡು ನಿಂತಿದ್ದೆ, ಅವಳು "ನಾನೇ" ಎಂದಿದ್ದಳು. ಅಮ್ಮ ಹನ್ನೆರಡು ತಟ್ಟೆಗಳ ಆ ಕಟ್ಟನ್ನು ಜೀವದಂತೆ ಕಾಪಾಡಿದವಳು. ಯಾರಾದರೂ ಹೊರಗಿನವರು ಊಟಕ್ಕೆ ಬಂದು, ಅಕಸ್ಮಾತ್ ಮುಕ್ಕಿನ ತಟ್ಟೆಯೇ ಅವರ ಪಾಲಿಗೆ ಬಂದರೆ, ಮುಕ್ಕನ್ನು ಆಚೆ ತುದಿಗೆ ತಿರುಗಿಸಿ ಇಡುತ್ತಿದ್ದಳು. ಫೋಟೋದಲ್ಲೂ ಮುಕ್ಕು ಆಚೆ ತುದಿಗಿತ್ತು.

ಅಷ್ಟು ಹೊತ್ತಿಗೆ ಅಕ್ಕ ನನ್ನ ಜೊತೆ ಮಾತು ಬಿಟ್ಟು ಆರು ವರ್ಷವಾಗಿತ್ತು. ತಪ್ಪು ಯಾರದು ಎಂದು ಸುತ್ತಿ ಬಳಸಿ ಹೇಳುವುದಿಲ್ಲ. ಅಮ್ಮ ಹಾಸಿಗೆ ಹಿಡಿದ ಮೂರು ವರ್ಷ ನೋಡಿಕೊಂಡವಳು ಅವಳು. ಬಟ್ಟೆ ಅಳತೆ ಸರಿಮಾಡುವ ಕೆಲಸ ಅವಳದು. ಹೊಲಿಗೆ ಯಂತ್ರವನ್ನು ಅಮ್ಮನ ಮಂಚದ ಪಕ್ಕಕ್ಕೇ ಎಳೆದುಕೊಂಡಿದ್ದಳು. ಕೊನೆಯ ಎರಡು ತಿಂಗಳು ಅಮ್ಮನಿಗೆ ನುಂಗಲು ಆಗುತ್ತಿರಲಿಲ್ಲ. ಅರ್ಧ ಬಟ್ಟಲು ಸೂಪು ಕುಡಿಸಲು ಅಕ್ಕನಿಗೆ ಎರಡು ಗಂಟೆ ಹಿಡಿಯುತ್ತಿತ್ತು. ಇದೆಲ್ಲ ನನಗೆ ಫೋನಿನಲ್ಲಿ ಹೇಳಿದ್ದಳು. "ಒಂದು ಸಲ ಬಾರೆ" ಎಂದೂ ಹೇಳಿದ್ದಳು. ನಾನು ಇವತ್ತು, ನಾಳೆ ಎಂದು ಮುಂದೂಡಿ, ಎಲ್ಲ ಮುಗಿದ ಮೇಲೆ ಹೋದೆ. ಅಮ್ಮನನ್ನು ಎತ್ತುವಾಗ ಕೈಗೆ ಭಾರವೇ ಬರಲಿಲ್ಲ. ಮನೆ ತುಂಬ ಜನ. ನನ್ನ ನಾಚಿಕೆಯನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯದೆ, ಅಷ್ಟೂ ಜನರ ಮುಂದೆ ಅಕ್ಕನ ಕಡೆ ತಿರುಗಿ, "ಅಮ್ಮಂಗೆ ಊಟ ಹಾಕ್ತಿದ್ಯೋ ಇಲ್ವೋ?" ಎಂದೆ.

ಅದು ಸುಳ್ಳೆಂದು ಬಾಯಿಂದ ಹೊರಬೀಳುವಾಗಲೇ ನನಗೆ ಗೊತ್ತಿತ್ತು. ಅಕ್ಕನ ಕೈಯಲ್ಲಿ ಇನ್ನೂ ಆ ಸೂಪಿನ ಚಮಚ ಇತ್ತು, ಅದನ್ನು ಒರೆಸಿ ಒಳಗಿಟ್ಟು ಬಂದಳು. ತಿಂಗಳ ಮೇಲೆ ನನ್ನ ಮನೆಗೆ ಒಂದು ಪೆಟ್ಟಿಗೆ ಬಂತು. ಹಳೇ ಪತ್ರಿಕೆಯಲ್ಲಿ ಸುತ್ತಿದ ಆರು ತಟ್ಟೆಗಳು. ಒಂದು ಸಾಲಿನ ಕಾಗದ ಕೂಡ ಇರಲಿಲ್ಲ. ಆರೂ ನೆಟ್ಟಗಿದ್ದವು, ಮುಕ್ಕಿನದನ್ನು ತಾನಿಟ್ಟುಕೊಂಡಿದ್ದಳು.

ಆ ಆರನ್ನೂ ನಾನು ಅಟ್ಟಕ್ಕೆ ಹಾಕಿದ್ದೆ. ಗುಂಪಿಗೆ ಫೋಟೋ ಹಾಕಲು ಅಂಗಡಿಯಿಂದ ತಂದ ಬರೀ ಬಿಳಿ ತಟ್ಟೆ. ಅದರಿಂದಾಗಿ ನಾನು ಯಾರೆಂದು ನೀಲಿ ಅಂಚಿಗೆ ತಿಳಿಯುವ ದಾರಿ ಇರಲಿಲ್ಲ ಎಂದು ನಂಬಿಕೊಂಡಿದ್ದೆ. ಮೂರು ವರ್ಷ ನಾವಿಬ್ಬರೂ ಪರಿಚಯವಿಲ್ಲದವರಂತೆ ಹರಟಿದೆವು. ನನ್ನ ಮೊಟ್ಟೆ ಸೀದಿದ್ದರೆ, "ಕಲ್ಲಿದ್ದಲಿನ ಅಂಗಡಿ ತೆಗೆದಿದ್ದೀರಾ?" ಎಂದು ಬರೆಯುತ್ತಿದ್ದಳು. ನಾನು ಅವಳ ಬ್ರೆಡ್ಡಿನ ದಪ್ಪ ನೋಡಿ, "ಇಟ್ಟಿಗೆಯೋ ಏನು?" ಎನ್ನುತ್ತಿದ್ದೆ. ಕೊನೆಗೆ ದಿನಾ ಒಂದು ಪ್ರಶ್ನೆ ಕೇಳುತ್ತಿದ್ದೆ: "ಹೊಟ್ಟೆ ತುಂಬಿತಾ?" ಎಲ್ಲರ ಎಲ್ಲ ಮಾತಿಗೂ ಉತ್ತರ ಕೊಡುತ್ತಿದ್ದ ಅವಳು ಈ ಒಂದು ಪ್ರಶ್ನೆಗೆ ಮಾತ್ರ ಒಂದು ದಿನವೂ ಉತ್ತರ ಕೊಡಲಿಲ್ಲ. ಅಷ್ಟು ಹೊತ್ತಿಗೆ ಪಾತ್ರೆ ತೊಳೆಯಲು ಎದ್ದಿರುತ್ತಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಗುಂಪಿನ ತಟ್ಟೆಗಳ ಬಗ್ಗೆ ನಾನು ಬರೆದ ಸಣ್ಣ ಸಣ್ಣ ಟಿಪ್ಪಣಿಗಳು ಈ ವರ್ಷ ಪುಸ್ತಕವಾದವು. ಬಿರಡೆ ಕುಣಿದಾಡಿಬಿಟ್ಟ. "ನನ್ನ ಅಂಗಡಿ ಮಹಡಿ ಮೇಲೆ ಜಾಗ ಇದೆ. ಎಲ್ಲರೂ ಬನ್ನಿ. ನಾಲ್ಕು ಥರ ವೈನ್ ರುಚಿ ನೋಡೋಣ, ಒಂಟಿ ಚಮಚ ಪುಸ್ತಕಕ್ಕೆ ಸಹಿ ಹಾಕಿಕೊಡಲಿ" ಎಂದು ಬರೆದ. ಮುಖ ತೋರಿಸಬಾರದೆಂಬ ನಿಯಮ ಏನಾಯಿತು ಎಂದು ಯಾರೋ ಕೇಳಿದರು. ಒಂದು ಮಧ್ಯಾಹ್ನದ ಮಟ್ಟಿಗೆ ರಜೆ ಎಂದು ನಾನೇ ಅಪ್ಪಣೆ ಕೊಟ್ಟೆ. ಪುಸ್ತಕದ ಮೇಲೂ ಮುಖವಿರಲಿಲ್ಲ, ಅಡ್ಡಹೆಸರು ಮಾತ್ರ. ಸಹಿ, ವೈನು ಎರಡೂ ನನಗೆ ನೆಪ. ಅಕ್ಕ ಬಾಗಿಲಲ್ಲಿ ನಿಂತು, ನನ್ನನ್ನು ನೋಡಿ, ತಿರುಗಿ ಹೋಗದೆ ಒಳಗೆ ಬರಬೇಕು. ನನಗೆ ಬೇಕಾಗಿದ್ದದ್ದು ಅದೊಂದೇ. ತಿರುಗಿ ಹೋದರೆ ಅಕ್ಕನ ಜೊತೆಗೆ ನೀಲಿ ಅಂಚೂ ಕೈತಪ್ಪುತ್ತಾಳೆ ಎಂಬುದೂ ಗೊತ್ತಿತ್ತು. ಒಂದು ವಾರ ನಿದ್ದೆ ಸರಿಯಾಗಿ ಬರಲಿಲ್ಲ.

ಭಾನುವಾರ ಮೂರು ಗಂಟೆಗೇ ಹೋಗಿ ಗ್ಲಾಸು ಒರೆಸಿದೆ. ಬಿರಡೆ ನಾಲ್ಕು ಸೀಸೆಗಳಿಗೂ ಕಾಗದ ಸುತ್ತಿ, ಒಂದು, ಎರಡು, ಮೂರು, ನಾಲ್ಕು ಎಂದು ದಪ್ಪಗೆ ಬರೆದಿಟ್ಟಿದ್ದ. ಬ್ರೆಡ್ಡಿನ ತುಂಡುಗಳು, ಉಗುಳಲು ಒಂದು ಬಕೆಟ್ಟು, ಅನಿಸಿದ್ದನ್ನು ಬರೆಯಲು ಚೀಟಿಗಳು. ನಾಲ್ಕಕ್ಕೆ ಜನ ಬರತೊಡಗಿದರು. ಎದೆಯ ಮೇಲೆ ಅಡ್ಡಹೆಸರಿನ ಪಟ್ಟಿ ಅಂಟಿಸಿಕೊಂಡು ಒಬ್ಬೊಬ್ಬರೂ ಒಂದೊಂದು ಕುರ್ಚಿ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಕೂತುಬಿಟ್ಟರು. ವರ್ಷಗಟ್ಟಲೆ ಒಬ್ಬರೇ ಉಂಡವರ ಅಭ್ಯಾಸ. ಬಿರಡೆ ಒಬ್ಬೊಬ್ಬರನ್ನೂ ಕುರ್ಚಿ ಸಮೇತ ತಿರುಗಿಸಬೇಕಾಯಿತು. ಎರಡನೇ ಸಲ ಎಂದರೆ ಎಲ್ಲರೂ ಗುಡಾಣದಂಥ ಆಳನ್ನು ಎಣಿಸಿದ್ದೆವು. ಬಂದವನು ಕಡ್ಡಿಪೈಲ್ವಾನ.

"ತಿಂದಿದ್ದೆಲ್ಲ ಎಲ್ಲಿಗೆ ಹೋಗುತ್ತೆ ಮಾರಾಯರೆ?" ಎಂದು ಯಾರೋ ಕೇಳಿದರು.

"ಅರ್ಧ ಫೋಟೋಗೆ ಹೋಗುತ್ತೆ," ಎಂದ ಅವನು.

ಎಲ್ಲರೂ ನಕ್ಕರು. ನಾನೂ ನಕ್ಕೆ, ಕಣ್ಣು ಮಾತ್ರ ಮೆಟ್ಟಿಲ ಕಡೆಗೇ ಇತ್ತು. ಬಿರಡೆ ಪಾಠ ಶುರುಮಾಡಿದ: ಗ್ಲಾಸು ಓರೆ ಮಾಡಿ ಬಣ್ಣ ನೋಡಬೇಕು, ಮೂಸಬೇಕು, ಒಂದು ಗುಟುಕು ಬಾಯಲ್ಲಿ ಆಡಿಸಿ ಬಕೆಟ್ಟಿಗೆ ಉಗುಳಬೇಕು.

"ಕರೆದು ಕೊಟ್ಟಿದ್ದನ್ನ ಉಗುಳೋದಾ? ನಮ್ಮಮ್ಮ ಹಾಗೆ ಬೆಳೆಸಿಲ್ಲ," ಎಂದು ಎರಡನೇ ಸಲ ಎಂಬ ಆ ಕಡ್ಡಿಪೈಲ್ವಾನ ಗುಟುಕರಿಸಿಯೇಬಿಟ್ಟ. ಅವನನ್ನು ನೋಡಿ ಉಳಿದವರೂ ನುಂಗಿದರು. ಬಕೆಟ್ಟು ಕೊನೆಯವರೆಗೂ ಒಣಗಿಯೇ ಇತ್ತು.

ಎರಡನೇ ವೈನ್ ಮುಗಿಯುವ ಹೊತ್ತಿಗೆ ಅಕ್ಕ ಬಂದಳು. ಬೂದು ಬಣ್ಣದ ಸ್ವೆಟರು, ತೋಳಿನ ಮೇಲೆ ಎಂದಿನಂತೆ ಒಂದು ತುಂಡು ದಾರ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅದನ್ನು ಯಾವ ಫೋಟೋವೂ ನನಗೆ ತಿಳಿಸಿರಲಿಲ್ಲ. ಬಾಗಿಲಲ್ಲಿ ನಿಂತು ಕೋಣೆಯನ್ನೆಲ್ಲ ನೋಡಿ, ಕೊನೆಗೆ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಆಶ್ಚರ್ಯವೆಂಬುದೇ ಇರಲಿಲ್ಲ. ನೀಲಿ ಅಂಚು ಎಂದು ಬರೆದಿದ್ದ ಪಟ್ಟಿಯನ್ನು ಬಿರಡೆಯ ಕೈಯಿಂದ ತೆಗೆದುಕೊಂಡು, ನೆಟ್ಟಗೆ ಅಂಟಿಸಿಕೊಂಡು, ಕಿಟಕಿಯ ಪಕ್ಕ ಕೂತಳು. ತಿರುಗಿ ಹೋಗಲಿಲ್ಲ. ನಾನು ಗೆದ್ದೆ ಎಂದುಕೊಂಡೆ.

ಮೂರನೆಯದು ಕಪ್ಪಗೆ, ಸಿಹಿಯಾಗಿ, ಗಂಟಲಲ್ಲಿ ಚುರುಕ್ಕೆನ್ನುವ ವೈನು. ಎಲ್ಲರೂ ಚೀಟಿಯಲ್ಲಿ ಬರೆದು ಕೊಟ್ಟರು, ಬಿರಡೆ ಗಟ್ಟಿಯಾಗಿ ಓದಿದ. ಒಬ್ಬರಿಗೆ ಒಣದ್ರಾಕ್ಷಿ, ಒಬ್ಬರಿಗೆ ಹಳೇ ಮರದ ಬೀರು. ಎರಡನೇ ಸಲನಿಗೆ "ಇನ್ನೊಂದು ಗ್ಲಾಸು ಕುಡಿದರೆ ಗೊತ್ತಾಗುತ್ತೆ". ಆಮೇಲೆ ಬಿರಡೆ ಒಂದು ಚೀಟಿಯನ್ನು ಹತ್ತಿರ ಹಿಡಿದು ಓದಿದ: "ನಮ್ಮಮ್ಮ ಕುಡಿಸುತ್ತಿದ್ದ ಕೆಮ್ಮಿನ ಔಷಧಿ. ಮನೆಯ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಕುಡಿದೆ ಅಂತ ಹೇಳಿ ಕಿಟಕಿಯಿಂದ ಚೆಲ್ಲುತ್ತಿದ್ದಳು. ಇನ್ನೊಬ್ಬಳು ನೋಡಿಯೂ ಹೇಳುತ್ತಿರಲಿಲ್ಲ."

ಕೋಣೆ ತುಂಬ ನಗು. ಚೆಲ್ಲುತ್ತಿದ್ದವಳು ನಾನು. ಕಿಟಕಿಯ ಕೆಳಗಿದ್ದ ಗಿಡ ಅದೇ ವರ್ಷ ಸತ್ತಿತು, ಅದು ಹೇಗೆ ಸತ್ತಿತೆಂದು ಅಮ್ಮನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಅಕ್ಕ ಗ್ಲಾಸು ಕೆಳಗಿಟ್ಟು ಹೊರಗಿನ ರಸ್ತೆ ನೋಡುತ್ತಿದ್ದಳು. ಅವಳಿಗೆ ಗೊತ್ತು. ಇವತ್ತಲ್ಲ, ಮೊದಲಿನಿಂದಲೂ ಗೊತ್ತು. ನನ್ನ ಕಣ್ಣು ಮಂಜಾಯಿತು, ಆದರೆ ಒಳಗೊಳಗೇ ಖುಷಿ ಉಕ್ಕಿತು. ಗೊತ್ತಿದ್ದೂ ಮೂರು ವರ್ಷ ಮಾತಾಡಿದ್ದಾಳೆ, ಗೊತ್ತಿದ್ದೂ ಬಂದಿದ್ದಾಳೆ, ಅಂದರೆ ಎಲ್ಲ ಹೊಟ್ಟೆಗೆ ಹಾಕಿಕೊಂಡಿದ್ದಾಳೆ ಎಂದು ನನಗೆ ಬೇಕಾದ ಹಾಗೆ ಲೆಕ್ಕ ಹಾಕಿದೆ. ಆ ಲೆಕ್ಕದಲ್ಲೇ ಎಡವಿದೆ.

ಸಹಿಯ ಮೇಜಿನ ಮುಂದೆ ಸಾಲು ನಿಂತಿತು. "ಯಾರ ಹೆಸರಿಗೆ?" ಎಂದು ಕೇಳುವುದು, ಅಡ್ಡಹೆಸರು ಬರೆಯುವುದು, ಪುಸ್ತಕ ಕೊಡುವುದು. ಅಕ್ಕನ ಸರದಿ ಬಂದಾಗಲೂ ಹಾಗೇ ಕೇಳಿದೆ.

"ನೀಲಿ ಅಂಚು," ಎಂದಳು.

ಒಂಬತ್ತು ವರ್ಷದ ಮೇಲೆ ಕೇಳಿದ ದನಿ. ನಾನು ಪುಸ್ತಕ ತೆರೆದು, 'ಅಕ್ಕನಿಗೆ' ಎಂದು ಬರೆದು, ಅವಳ ಕಡೆ ತಿರುಗಿಸಿದೆ. ಅವಳು ಓದಿದಳು. ಆ ಅಕ್ಷರಗಳ ಮೇಲೆ ತೋರುಬೆರಳಿಟ್ಟಳು. ಸೂಜಿ ಚುಚ್ಚಿ ಚುಚ್ಚಿ ಗಡುಸಾದ ಬೆರಳು.

"ಯಾವಾಗ ಗೊತ್ತಾಯ್ತು ನಿಂಗೆ?" ಎಂದು ಮೆಲ್ಲಗೆ ಕೇಳಿದಳು.

"ಮೊದಲನೇ ದಿನವೇ. ತಟ್ಟೆ ನೋಡಿ. ನಿಂಗೆ?"

"ಒಂದು ವಾರಕ್ಕೆ. ಚಮಚ ಯಾವಾಗಲೂ ಎಡಗಡೆ ಇಡ್ತೀಯ. ಎಲ್ಲರಿಗೂ ತಟ್ಟೆ ಚೆನ್ನಾಗಿದೆ ಅಂತೀಯ, ನಂಗೊಬ್ಬಳಿಗೇ ಹೊಟ್ಟೆ ತುಂಬಿತಾ ಅಂತ ಕೇಳ್ತೀಯ. ಇನ್ಯಾರು ಕೇಳ್ತಾರೆ ಹಾಗೆ?"

"ಮತ್ಯಾಕೆ ಒಂದಿನಾನೂ ಉತ್ತರ ಕೊಡಲಿಲ್ಲ?"

"ಊಟದ ವಿಷಯದಲ್ಲಿ ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡೋಳಲ್ಲ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಅಕ್ಕ ಅಂತ ಬರೆದಿದ್ದೀಯ. ಇಷ್ಟೇನಾ? ಬೇರೇನೂ ಇಲ್ವಾ?"

ಅವಳು ಏನು ಕೇಳುತ್ತಿದ್ದಾಳೆಂದು ಅರ್ಥವಾಗದಷ್ಟು ದಡ್ಡಿಯಲ್ಲ ನಾನು. ಅವಳ ಹಿಂದೆ ಎರಡನೇ ಸಲ ಎಂಬ ಪಟ್ಟಿಯವನು ಪುಸ್ತಕ ಹಿಡಿದು ನಿಂತಿದ್ದ, ಅವನ ಹಿಂದೆ ಇನ್ನೂ ಎಂಟು ಜನ. ಎಲ್ಲರೂ ನನ್ನನ್ನು ಒಳ್ಳೆಯವಳೆಂದು ನಂಬಿ ಬಂದವರು.

"ಆಮೇಲೆ ಮಾತಾಡೋಣ ಕಣೆ," ಎಂದೆ. "ಜನ ಇದ್ದಾರೆ."

"ಅವತ್ತೂ ಜನ ಇದ್ರು," ಎಂದಳು ಅಕ್ಕ.

ಪುಸ್ತಕ ಮುಚ್ಚಿ, ಮೇಜಿನ ಮೇಲೆ ಇಟ್ಟು, ಎದೆಯ ಮೇಲಿನ ಪಟ್ಟಿಯನ್ನು ಕಿತ್ತು ಅದರ ಮೇಲೆ ಅಂಟಿಸಿ, ಮೆಟ್ಟಿಲಿಳಿದು ಹೋದಳು. ನಾನು ಏಳಲಿಲ್ಲ. ಎದ್ದು ಓಡಬಹುದಿತ್ತು, ಹದಿನಾಲ್ಕೇ ಮೆಟ್ಟಿಲು. "ಯಾರ ಹೆಸರಿಗೆ?" ಎಂದು ಮುಂದಿನವನನ್ನು ಕೇಳಿದೆ.

ಆ ದಿನ ಎಂಟು ಗಂಟೆಗೆ ಗುಂಪಿನಲ್ಲಿ ಜಾತ್ರೆಯಷ್ಟು ಗದ್ದಲ. ಮೊದಲ ಸಲ ಮುಖ ನೋಡಿದವರೆಲ್ಲ ಒಬ್ಬರನ್ನೊಬ್ಬರು ರೇಗಿಸುತ್ತಿದ್ದರು. ನೀಲಿ ಅಂಚಿನ ತಟ್ಟೆ ಬರಲಿಲ್ಲ. ಮೂರು ವರ್ಷದಲ್ಲಿ ಒಂದು ದಿನವೂ ತಪ್ಪಿಸದವಳು. ನನ್ನ ಬಿಳಿ ತಟ್ಟೆಯ ಮೇಲಿನ ಆಲೂಗಡ್ಡೆ ತಣ್ಣಗಾಗಿ ಗಟ್ಟಿಯಾಯಿತು. ಗಂಟೆ ಒಂಬತ್ತಾದರೂ ಫೋನಿನ ಮುಂದೆ ಕೂತಿದ್ದೆ. ಅಕ್ಕನನ್ನು ಕಳೆದುಕೊಂಡು ಒಂಬತ್ತು ವರ್ಷ ಬದುಕಿದ್ದೆ, ಅದು ಅಭ್ಯಾಸವಾಗಿತ್ತು. ನೀಲಿ ಅಂಚು ಇಲ್ಲದ ಊಟ ಹೇಗೆಂದು ಗೊತ್ತಿರಲಿಲ್ಲ. ಅಡುಗೆಮನೆಯಲ್ಲಿ ನಿಂತುಕೊಂಡೇ ಅತ್ತೆ. ಅಳು ಕೇಳಲು ಪಕ್ಕದ ಮನೆಯವರೂ ಊರಲ್ಲಿರಲಿಲ್ಲ.

ಸೋಮವಾರ ಅಂಗಡಿಯಲ್ಲಿ ಒಬ್ಬ ಮುದುಕಿಗೆ ಗಾಜು ಬದಲಿಸಿ ಬದಲಿಸಿ ತೋರಿಸುತ್ತಿದ್ದೆ. "ಈಗ ಸ್ಪಷ್ಟವೋ, ಮೊದಲು ಸ್ಪಷ್ಟವಿತ್ತೋ?" ಎಂದೆ. "ಎರಡು ಸಲವೂ ಚೆನ್ನಾಗೇ ಕಾಣ್ತಿದೆ ತಾಯಿ. ಓದೋಕೆ ಭಯ ಅಷ್ಟೆ," ಎಂದು ಆಕೆ ನಕ್ಕರು. ನನಗೆ ನಗು ಬರಲಿಲ್ಲ.

ಮನೆಗೆ ಬಂದವಳೇ ಏಣಿ ಹಾಕಿ ಅಟ್ಟ ಹತ್ತಿದೆ. ಪೆಟ್ಟಿಗೆಗೆ ಅಂಟಿಸಿದ್ದ ಟೇಪನ್ನು ಅಡುಗೆ ಚಾಕುವಿನಿಂದ ಕೊಯ್ದೆ. ಒಂಬತ್ತು ವರ್ಷದ ಹಿಂದಿನ ಪತ್ರಿಕೆ ಕೈಯಲ್ಲೇ ಪುಡಿಯಾಯಿತು. ಒಂದು ತಟ್ಟೆ ತೆಗೆದು, ತೊಳೆದು, ಬ್ರೆಡ್ಡು ಮತ್ತು ಮೊಟ್ಟೆ ಇಟ್ಟು, ಚಮಚವನ್ನು ಎಡಗಡೆಯೇ ಇಟ್ಟು ಫೋಟೋ ತೆಗೆದೆ. ಎಂಟು ಗಂಟೆಗೆ ಗುಂಪಿಗೆ ಹಾಕಿದೆ.

"ಅರೆ, ನೀಲಿ ಅಂಚು ತಂದ ಅಂಗಡಿಯಿಂದಲೇ ತಂದಿರಾ?" ಎಂದು ಬಿರಡೆ ಬರೆದ.

ಅದರ ಕೆಳಗೆ ನಾನು ಬರೆದೆ. ಎರಡು ಸಲ ಅಳಿಸಿದೆ, ಮೂರನೇ ಸಲ ಬಿಟ್ಟೆ.

"ಗುಂಪಿನ ಮೂರನೇ ನಿಯಮವನ್ನು ನಾನೇ ಮಾಡಿದ್ದು, ನಾನೇ ಮುರಿಯುತ್ತಿದ್ದೇನೆ. ಈ ತಟ್ಟೆ ನಮ್ಮಮ್ಮನದು. ಅಮ್ಮನನ್ನು ಮೂರು ವರ್ಷ ನೋಡಿಕೊಂಡವಳು ನನ್ನ ಅಕ್ಕ. ಅಮ್ಮ ತೀರಿಕೊಂಡ ದಿನ, ಮನೆ ತುಂಬ ಜನರ ಮುಂದೆ, ನೀನು ಅಮ್ಮನಿಗೆ ಊಟ ಹಾಕುತ್ತಿದ್ದೆಯೋ ಇಲ್ಲವೋ ಎಂದು ನಾನು ಅವಳನ್ನು ಕೇಳಿದೆ. ಅವಳು ಹಾಕುತ್ತಿದ್ದಳು. ಚಮಚ ಚಮಚವಾಗಿ ಹಾಕುತ್ತಿದ್ದಳು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಬರಬೇಕಾದ ಹೊತ್ತಿಗೆ ಬಾರದವಳು ನಾನು. ಜನರ ಮುಂದೆ ಆಡಿದ ಸುಳ್ಳು, ಅದಕ್ಕೇ ಜನರ ಮುಂದೆ ಹೇಳುತ್ತಿದ್ದೇನೆ. ತಪ್ಪಾಯಿತು ಅಕ್ಕ."

ಯಾರೂ ಏನೂ ಬರೆಯಲಿಲ್ಲ. ಒಂದು ನಿಮಿಷ, ಎರಡು, ಐದು. ಓದಿದವರ ಸಂಖ್ಯೆ ಮಾತ್ರ ಏರುತ್ತಿತ್ತು. ಎಂದಿನ ಎರಡನೇ ಫೋಟೋ ಕೂಡ ಬರಲಿಲ್ಲ. ಇಷ್ಟು ಜನರ ನಡುವೆ ಇಷ್ಟು ಒಂಟಿಯಾಗಿ ನಾನು ಯಾವತ್ತೂ ಕೂತಿರಲಿಲ್ಲ. ಒಳ್ಳೆಯವಳೆಂಬ ಹೆಸರು ಹೋಯಿತು, ಹೋಗಲಿ. ಬ್ರೆಡ್ಡು ಮುರಿದು ಬಾಯಿಗಿಟ್ಟೆ, ನುಂಗಲು ಆಗಲಿಲ್ಲ.

ಎಂಟೂಮುಕ್ಕಾಲಿಗೆ ಒಂದು ಫೋಟೋ ಬಂತು. ನೀಲಿ ಅಂಚಿನ ತಟ್ಟೆ. ಊಟ ಮುಗಿದಿತ್ತು, ಮೊಟ್ಟೆಯ ಒಂದಿಷ್ಟು ಹಳದಿ, ಬ್ರೆಡ್ಡಿನ ನಾಲ್ಕು ಚೂರು, ಅಡ್ಡಲಾಗಿ ಚಮಚ. ಮುಕ್ಕು ಈ ಸಲ ಆಚೆ ತುದಿಗಿರಲಿಲ್ಲ, ಈಚೆಗಿತ್ತು. ಕೆಳಗೆ ಒಂದೇ ಮಾತು ಬರೆದಿದ್ದಳು. ಆ ದಿನ ನಾನು ಪ್ರಶ್ನೆ ಕೇಳಿರಲಿಲ್ಲ.

"ತುಂಬಿತು."